ಡೆಸ್ಕ್‌ಟಾಪ್ ಶಾರ್ಟ್‌ಕಟ್ ಕೈಕೊಟ್ಟಾಗ: ಅಳಿಸುವ ಮೊದಲು ಓದಿ

ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಕೆಲಸ ನಿಲ್ಲಿಸಿದರೆ ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಎರಡೇ. ಮೊದಲು ಅದನ್ನು ಅಳಿಸಿ ಹೊಸದೊಂದು ಮಾಡುತ್ತಾರೆ. ಅದೂ ಹಾಗೆಯೇ ಆದರೆ ಪ್ರೋಗ್ರಾಮನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಮೊದಲನೆಯದರಿಂದ ದೋಷದ ಗುರುತೇ ಅಳಿಸಿಹೋಗುತ್ತದೆ. ಎರಡನೆಯದಕ್ಕೆ ಅರ್ಧ ದಿನ ಬೇಕು, ಲೈಸೆನ್ಸ್ ಸಂಖ್ಯೆ ಬರೆದಿಟ್ಟ ಕಾಗದವೂ ಬೇಕು. ಹತ್ತಕ್ಕೆ ಒಂಬತ್ತು ಸಲ ಇವೆರಡೂ ಬೇಕಿರುವುದಿಲ್ಲ. ಕೆಟ್ಟ ಶಾರ್ಟ್‌ಕಟ್ ತನಗೇನಾಗಿದೆ ಎಂಬುದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಅದನ್ನು ಓದುವ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಮೆನು ಮತ್ತು ಆದೇಶಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟೈಪ್ ಮಾಡಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೂಲ ವಿಷಯ

ಶಾರ್ಟ್‌ಕಟ್ ಎಂದರೆ ವಿಳಾಸ ಬರೆದ ಚೀಟಿ. ವಿಂಡೋಸ್ 95ರ ಕಾಲದಿಂದಲೂ ಅದು ಹೆಸರಿನ ಕೊನೆಗೆ ಎಲ್‌ಎನ್‌ಕೆ ಎಂಬ ಬಾಲ (ಎಕ್ಸ್‌ಟೆನ್ಶನ್) ಇರುವ ಪುಟ್ಟ ಫೈಲು. ಫೈಲುಗಳ ಬಾಲ ತೋರಿಸುವ ಆಯ್ಕೆಯನ್ನು ಚಾಲೂ ಮಾಡಿದರೂ ಈ ಒಂದು ಬಾಲ ಮಾತ್ರ ಕಾಣುವುದಿಲ್ಲ; ಅದನ್ನು ಸದಾ ಮರೆಮಾಡುವಂತೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಗೊತ್ತುಮಾಡಲಾಗಿದೆ. ಚಿತ್ರದ ಎಡ ಕೆಳಮೂಲೆಯಲ್ಲಿ ಕಾಣುವ ಸಣ್ಣ ಬಾಣವೇ ಗುರುತು. ಬಾಣ ಇಲ್ಲದಿದ್ದರೆ ನಿಮ್ಮ ಡೆಸ್ಕ್‌ಟಾಪ್ ಮೇಲಿರುವುದು ಶಾರ್ಟ್‌ಕಟ್ ಅಲ್ಲದೇ ಇರಬಹುದು, ಪ್ರೋಗ್ರಾಮಿನ ಇಎಕ್ಸ್‌ಇ ಫೈಲನ್ನೇ ಯಾರೋ ತಂದು ಅಂಟಿಸಿರಬಹುದು. ಹಾಗೆ ತಂದಿಟ್ಟ ಫೈಲನ್ನು ತೆರೆದರೆ ‘ಇಂಥ ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ, ಏಕೆಂದರೆ ಅದರ ಜೊತೆಗಿದ್ದ ಫೈಲುಗಳೆಲ್ಲ ಹಳೆಯ ಫೋಲ್ಡರ್‌ನಲ್ಲೇ ಉಳಿದಿರುತ್ತವೆ. ನಕಲು ಮಾಡಿದ್ದರೆ ಅಳಿಸಿದರಾಯಿತು. ಕಟ್ ಮಾಡಿ ತಂದಿದ್ದರೆ ಮೊದಲು ವಾಪಸು ಅದೇ ಜಾಗಕ್ಕೆ ಸೇರಿಸಿ.

ದೋಷ ಚೀಟಿಯಲ್ಲಿದೆಯೋ ಪ್ರೋಗ್ರಾಮಿನಲ್ಲಿದೆಯೋ

ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದೊಂದೇ. ಶಾರ್ಟ್‌ಕಟ್ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ‘ಓಪನ್ ಫೈಲ್ ಲೊಕೇಶನ್’ ಒತ್ತಿದರೆ ಪ್ರೋಗ್ರಾಂ ಇರುವ ಫೋಲ್ಡರ್ ತೆರೆದುಕೊಳ್ಳುತ್ತದೆ, ಇಎಕ್ಸ್‌ಇ ಫೈಲು ಆಯ್ಕೆಯಾಗಿಯೇ ಇರುತ್ತದೆ. ಅದನ್ನು ಅಲ್ಲಿಂದಲೇ ಎರಡು ಸಲ ಒತ್ತಿ.

ಅಲ್ಲಿ ಸರಿಯಾಗಿ ತೆರೆದರೆ ಪ್ರೋಗ್ರಾಂ ಗಟ್ಟಿಯಾಗಿದೆ, ತಪ್ಪು ಶಾರ್ಟ್‌ಕಟ್‌ನದು. ಅಲ್ಲೂ ತೆರೆಯದಿದ್ದರೆ ಶಾರ್ಟ್‌ಕಟ್ ಅನ್ನು ಎಷ್ಟು ಸಲ ಹೊಸದಾಗಿ ಮಾಡಿದರೂ ಪ್ರಯೋಜನವಿಲ್ಲ. ಈ ಬರಹವನ್ನು ಇಲ್ಲಿಗೇ ಬಿಟ್ಟು ಪ್ರೋಗ್ರಾಮಿನ ಕಡೆ ನೋಡಿ. ಫೋಲ್ಡರ್ ತೆರೆಯಿತು, ಆದರೆ ಇಎಕ್ಸ್‌ಇ ಫೈಲೇ ಇಲ್ಲ ಎಂದಾದರೆ ಆ್ಯಂಟಿವೈರಸ್ ಅದನ್ನು ಹಿಡಿದು ಪ್ರತ್ಯೇಕ ಇಟ್ಟಿರಬಹುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆದರೆ ದಿನಾಂಕ ಸಮೇತ ಕಾಣುತ್ತದೆ. ಪ್ರೋಗ್ರಾಂ ನಂಬಲರ್ಹವೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಅಲ್ಲಿಂದ ಬಿಡಿಸಿ. ಕ್ರ್ಯಾಕ್ ಮಾಡಿದ ತಂತ್ರಾಂಶವನ್ನು ಆ್ಯಂಟಿವೈರಸ್ ಹಿಡಿದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಏನೂ ಆಗುವುದೇ ಇಲ್ಲ, ಸಂದೇಶವೂ ಇಲ್ಲ ಎನ್ನುವ ಸಂದರ್ಭ ಬೇರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಎಷ್ಟೋ ಸಲ ಪ್ರೋಗ್ರಾಂ ಆಗಲೇ ಓಡುತ್ತಿರುತ್ತದೆ, ಕಿಟಕಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪ್ರಾಪರ್ಟೀಸ್‌ನ ‘ರನ್’ ಎಂಬಲ್ಲಿ ‘ಮಿನಿಮೈಸ್ಡ್’ ಎಂದಿದ್ದರೆ ಅದು ಟಾಸ್ಕ್‌ಬಾರ್‌ನಲ್ಲೇ ಕುಳಿತಿರುತ್ತದೆ. ಕಾಲೇಜುಗಳಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿ ಬಿಚ್ಚಿದ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಪ್ರೋಗ್ರಾಮುಗಳು ಇಲ್ಲದ ಎರಡನೆಯ ಪರದೆಯ ಮೇಲೆ ತೆರೆದುಕೊಳ್ಳುತ್ತವೆ. ಆಗ ಟಾಸ್ಕ್‌ಬಾರ್‌ನಲ್ಲಿ ಅದನ್ನು ಆರಿಸಿಕೊಂಡು ವಿಂಡೋಸ್ ಕೀ, ಶಿಫ್ಟ್ ಹಿಡಿದು ಎಡಬಾಣ ಒತ್ತಿ. ಬರದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀಲಿಯನ್ನು ಒಮ್ಮೆ ತಟ್ಟಿ ಮೌಸ್ ಅಲುಗಿಸಿದರೆ ಕಿಟಕಿ ಮೌಸ್‌ಗೆ ಅಂಟಿಕೊಂಡು ಬರುತ್ತದೆ.

ಟಾರ್ಗೆಟ್ ಸಾಲನ್ನು ಅಕ್ಷರ ಬಿಡದೆ ಓದಿ

ಪ್ರೋಗ್ರಾಂ ಸರಿಯಿದೆ, ಶಾರ್ಟ್‌ಕಟ್ ಮಾತ್ರ ಕೆಟ್ಟಿದೆ ಎಂದು ಖಚಿತವಾದ ಮೇಲೆ ಪ್ರಾಪರ್ಟೀಸ್‌ನಲ್ಲಿ ವಿಳಾಸವಿರುವ ‘ಟಾರ್ಗೆಟ್’ ಪೆಟ್ಟಿಗೆಯ ಸಾಲನ್ನು ಪೂರ್ತಿ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಆ ಪೆಟ್ಟಿಗೆ ಎಷ್ಟು ಕಿರಿದೆಂದರೆ ಸಾಲಿನ ಬಾಲ ಯಾವಾಗಲೂ ಕಣ್ಣು ತಪ್ಪಿಸುತ್ತದೆ, ದೋಷವಿರುವುದೂ ಸಾಮಾನ್ಯವಾಗಿ ಅಲ್ಲೇ. ನಂತರ ವಿಂಡೋಸ್ ಕೀ ಮತ್ತು ಆರ್ ಒತ್ತಿ, ರನ್ ಪೆಟ್ಟಿಗೆಯಲ್ಲಿ ಅದೇ ಸಾಲನ್ನು ಹಾಕಿ ಓಡಿಸಿ ನೋಡಿ.

ಹೆಚ್ಚು ಕಾಡುವುದು ಉದ್ಧರಣ ಚಿಹ್ನೆ. ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರ್ ಹೆಸರಿನ ನಡುವೆ ಖಾಲಿ ಜಾಗವಿದೆಯಲ್ಲ, ಅದರಿಂದ ಆಗುವ ತೊಂದರೆ ಇದು. ಹೆಸರಿನಲ್ಲಿ ಖಾಲಿ ಜಾಗವಿರುವ ವಿಳಾಸದ ಎರಡೂ ತುದಿಗೆ ಜೋಡಿ ಉದ್ಧರಣ ಚಿಹ್ನೆ ಇರಬೇಕು. ಇಲ್ಲದಿದ್ದರೆ ವಿಳಾಸ ಎಲ್ಲಿ ಮುಗಿಯಿತು, ಮುಂದಿನ ಸೂಚನೆ ಎಲ್ಲಿ ಆರಂಭವಾಯಿತು ಎಂದು ತಿಳಿಯದೆ ‘ಟಾರ್ಗೆಟ್ ಪೆಟ್ಟಿಗೆಯಲ್ಲಿ ಕೊಟ್ಟ ಹೆಸರು ಸರಿಯಿಲ್ಲ’ ಎಂದು ವಿಂಡೋಸ್ ದೂರುತ್ತದೆ. ಇನ್ನೊಂದು ತಪ್ಪು ಇದರ ತದ್ವಿರುದ್ಧ: ಪ್ರೋಗ್ರಾಮಿಗೆ ಕೊಡುವ ಹೆಚ್ಚುವರಿ ಸೂಚನೆಯನ್ನೂ ಚಿಹ್ನೆಯ ಒಳಗೇ ತುಂಬುವುದು. ಉದಾಹರಣೆಗೆ ನಿರ್ದಿಷ್ಟ ಎಕ್ಸೆಲ್ ಫೈಲೊಂದನ್ನು ಎಕ್ಸೆಲ್‌ನಲ್ಲೇ ನೇರವಾಗಿ ತೆರೆಯಬೇಕು ಎಂದುಕೊಳ್ಳಿ. ಎಕ್ಸೆಲ್‌ನ ವಿಳಾಸಕ್ಕೆ ಒಂದು ಜೋಡಿ ಚಿಹ್ನೆ, ನಂತರ ಒಂದು ಖಾಲಿ ಜಾಗ, ಆಮೇಲೆ ಫೈಲಿನ ವಿಳಾಸಕ್ಕೆ ಪ್ರತ್ಯೇಕ ಜೋಡಿ. ಅಂತರಜಾಲದಿಂದಲೋ ವರ್ಡ್ ಕಡತದಿಂದಲೋ ನಕಲು ಮಾಡಿದರೆ ಬರುವ ಬಾಗಿದ ಉದ್ಧರಣ ಚಿಹ್ನೆಗಳನ್ನು ವಿಂಡೋಸ್ ಒಪ್ಪುವುದಿಲ್ಲ. ಅವನ್ನು ಅಳಿಸಿ ಕೀಲಿಮಣೆಯಿಂದಲೇ ನೇರ ಚಿಹ್ನೆ ಒತ್ತಿ. ಆ ಪೆಟ್ಟಿಗೆಗೆ 260 ಅಕ್ಷರಗಳ ಮಿತಿ ಇದೆ ಎಂಬುದೂ ನೆನಪಿರಲಿ. ಒಂದರೊಳಗೊಂದು ಫೋಲ್ಡರ್ ಮಾಡುತ್ತ ಪ್ರತಿಯೊಂದಕ್ಕೂ ಮಾರುದ್ದ ಹೆಸರಿಡುವ ಕಚೇರಿಗಳಲ್ಲಿ ಈ ಮಿತಿ ಬೇಗ ಮುಟ್ಟುತ್ತದೆ.

ಕಂಪ್ಯೂಟರ್ ಬದಲಿಸಿದ ಮೇಲೆ ಹಳೆಯ ಶಾರ್ಟ್‌ಕಟ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು ಅಂಟಿಸಿದ್ದೀರಾ? 32 ಬಿಟ್ ಪ್ರೋಗ್ರಾಮುಗಳು 64 ಬಿಟ್ ವಿಂಡೋಸ್‌ನಲ್ಲಿ ‘ಪ್ರೋಗ್ರಾಮ್ ಫೈಲ್ಸ್’ನ ಪಕ್ಕದಲ್ಲಿ ಎಕ್ಸ್86 ಎಂದು ಹೆಸರಿನ ಕೊನೆಗೆ ಹೊಂದಿರುವ ಬೇರೆ ಫೋಲ್ಡರ್‌ಗೆ ಹೋಗುತ್ತವೆ. ಹಳೆಯ ಕಂಪ್ಯೂಟರಿನಲ್ಲಿದ್ದದ್ದು 32 ಬಿಟ್ ವಿಂಡೋಸ್ ಆಗಿದ್ದರೆ ಆ ವಿಳಾಸ ಅಲ್ಲಿಗೆ ತಲುಪುವುದಿಲ್ಲ. ಟಾರ್ಗೆಟ್‌ನಲ್ಲಿ ಹಳೆಯ ಕಂಪ್ಯೂಟರಿನ ಬಳಕೆದಾರರ ಹೆಸರು ಕಂಡರೂ ಇದೇ ಕಥೆ.

ಟಾರ್ಗೆಟ್‌ನಲ್ಲಿ ಆವೃತ್ತಿ ಸಂಖ್ಯೆಯಿರುವ ಫೋಲ್ಡರ್ ಕಂಡರೆ ಅದೂ ಅನುಮಾನಕ್ಕೆ ಕಾರಣ. ಕೆಲವು ಪ್ರೋಗ್ರಾಮುಗಳು ತಾವಾಗಿಯೇ ಅಪ್‌ಡೇಟ್ ಆದಾಗ ಹೊಸ ಸಂಖ್ಯೆಯ ಫೋಲ್ಡರ್ ಮಾಡಿಕೊಂಡು ಹಳೆಯದನ್ನು ತೆಗೆದುಹಾಕುತ್ತವೆ. ನೀವು ಕೈಯಾರೆ ಮಾಡಿದ ಶಾರ್ಟ್‌ಕಟ್ ಪ್ರತಿ ಅಪ್‌ಡೇಟ್‌ಗೂ ಸಾಯುತ್ತದೆ. ಅಂಥದ್ದಕ್ಕೆ ಸ್ಟಾರ್ಟ್ ಮೆನುವಿನಲ್ಲಿ ಪ್ರೋಗ್ರಾಂ ತಾನೇ ಇಟ್ಟ ಶಾರ್ಟ್‌ಕಟ್ ಅನ್ನು ನಕಲು ಮಾಡಿಕೊಳ್ಳುವುದೇ ಸರಿ.

ಟಾರ್ಗೆಟ್ ಪೆಟ್ಟಿಗೆ ಬೂದು ಬಣ್ಣದಲ್ಲಿದ್ದು ತಿದ್ದಲು ಬರುವುದಿಲ್ಲವೇ? ಅದು ಕೆಟ್ಟಿಲ್ಲ. ವಿಂಡೋಸ್ ಇನ್‌ಸ್ಟಾಲರ್ ಮಾಡಿಟ್ಟ ಶಾರ್ಟ್‌ಕಟ್‌ಗಳಲ್ಲಿ ಕೆಲವು ಹಾಗಿರುತ್ತವೆ. ಅದರಲ್ಲಿ ವಿಳಾಸದ ಬದಲು ಉತ್ಪನ್ನದ ಹೆಸರಿರುತ್ತದೆ, ಒತ್ತಿದಾಗ ಇನ್‌ಸ್ಟಾಲರ್ ಎಲ್ಲವೂ ಇದೆಯೇ ಎಂದು ಪರೀಕ್ಷಿಸಿ ನಂತರ ತೆರೆಯುತ್ತದೆ. ಪ್ರತಿ ಸಲ ‘ಸಿದ್ಧಪಡಿಸಲಾಗುತ್ತಿದೆ, ಕಾಯಿರಿ’ ಎಂದು ಕಾಯಿಸುತ್ತಿದ್ದರೆ ಇಎಕ್ಸ್‌ಇ ಫೈಲನ್ನು ನೀವೇ ಹುಡುಕಿ ಅದಕ್ಕೆ ಬೇರೆ ಶಾರ್ಟ್‌ಕಟ್ ಮಾಡಿಕೊಳ್ಳಿ.

ಹಳೆಯದನ್ನು ತೆರೆಯುತ್ತದೆ

ಇದು ಅಂಗಡಿಗಳಲ್ಲಿ ದುಡ್ಡಿನ ಲೆಕ್ಕವನ್ನೇ ಏರುಪೇರು ಮಾಡಬಲ್ಲದು. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯ ಡಿಸ್ಕ್‌ಗಳಲ್ಲಿ ಫೈಲು ಜಾಗ ಬದಲಿಸಿದರೂ ವಿಂಡೋಸ್ ಅದರ ಜಾಡು ಹಿಡಿಯಬಲ್ಲದು. ವಿಳಾಸದಲ್ಲಿ ಫೈಲು ಸಿಗದಿದ್ದಾಗ ಅದರ ಗುರುತಿನ ಸಂಖ್ಯೆಯಿಂದ ಹುಡುಕಿ, ಸಿಕ್ಕರೆ ಶಾರ್ಟ್‌ಕಟ್‌ನ ವಿಳಾಸವನ್ನು ತಾನೇ ತಿದ್ದಿಕೊಳ್ಳುತ್ತದೆ. ಉಪಕಾರವೇ, ಆದರೆ ಕೆಲವೊಮ್ಮೆ ಅಪಕಾರ. ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿ ಹಾಕುವ ಮೊದಲು ಹಳೆಯ ಫೋಲ್ಡರ್‌ನ ಹೆಸರನ್ನು ‘ಹಳೆಯದು’ ಎಂದು ಬದಲಿಸಿಡುತ್ತಾರೆ. ಹೊಸದು ಬಂದು ಕೂರುವ ಮೊದಲೇ ಯಾರಾದರೂ ಶಾರ್ಟ್‌ಕಟ್ ಒತ್ತಿದರೆ ಮುಗಿಯಿತು, ಅದು ‘ಹಳೆಯದು’ ಫೋಲ್ಡರ್‌ನ ವಿಳಾಸ ಬರೆದುಕೊಂಡುಬಿಡುತ್ತದೆ. ಆಮೇಲೆ ಒಂದು ಕಂಪ್ಯೂಟರಿನಲ್ಲಿ ಬಿಲ್‌ಗಳು ಹಳೆಯ ಡೇಟಾಕ್ಕೆ ಸೇರುತ್ತಿರುತ್ತವೆ, ಪಕ್ಕದ ಮೇಜಿನಲ್ಲಿ ಹೊಸದಕ್ಕೆ. ಕಾಣಲು ಎರಡೂ ಕಡೆ ಅದೇ ಚಿತ್ರ, ಅದೇ ಹೆಸರು. ಹೀಗಾಗಿ ಹೊಸ ಆವೃತ್ತಿ ಹಾಕಿದ ದಿನ ಪ್ರತಿ ಮೇಜಿನ ಶಾರ್ಟ್‌ಕಟ್‌ನ ಟಾರ್ಗೆಟ್ ಓದಿಯೇ ಎದ್ದು ಬರಬೇಕು.

ತೆರೆಯುತ್ತದೆ, ಆದರೆ ‘ಫೈಲು ಸಿಗಲಿಲ್ಲ’ ಎನ್ನುತ್ತದೆ

ಫೋಲ್ಡರ್‌ನೊಳಗಿಂದ ಒತ್ತಿದರೆ ಸರಾಗ, ಶಾರ್ಟ್‌ಕಟ್‌ನಿಂದ ಮಾತ್ರ ಡೇಟಾ ಫೈಲೋ ಅಕ್ಷರಶೈಲಿಯೋ ಸಿಗಲಿಲ್ಲ ಎಂಬ ತಕರಾರು. ಇಂಥಲ್ಲಿ ಬೇರೆಲ್ಲೂ ಹುಡುಕಬೇಡಿ, ಟಾರ್ಗೆಟ್‌ನ ಕೆಳಗಿರುವ ‘ಸ್ಟಾರ್ಟ್ ಇನ್’ ನೋಡಿ. ಹಳೆಯ ಪ್ರೋಗ್ರಾಮುಗಳು ತಮ್ಮ ಫೈಲುಗಳನ್ನು ಪೂರ್ಣ ವಿಳಾಸ ಹಿಡಿದು ಹುಡುಕುವುದಿಲ್ಲ, ‘ನಾನೀಗ ಇರುವ ಫೋಲ್ಡರ್‌ನಲ್ಲಿ’ ಎಂದು ಹುಡುಕುತ್ತವೆ. ಆ ‘ಈಗ ಇರುವ ಫೋಲ್ಡರ್’ ಯಾವುದೆಂದು ಹೇಳುವುದೇ ಸ್ಟಾರ್ಟ್ ಇನ್. ಅದು ಖಾಲಿಯಿದ್ದರೆ ಅಥವಾ ಸಿಸ್ಟಮ್32 ಎಂದಿದ್ದರೆ ಇಎಕ್ಸ್‌ಇ ಇರುವ ಫೋಲ್ಡರ್‌ನ ವಿಳಾಸವನ್ನು ಅಲ್ಲಿ ತುಂಬಿ. ಬ್ಯಾಚ್ ಫೈಲುಗಳಿಗೆ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲುಗಳು) ಶಾರ್ಟ್‌ಕಟ್ ಮಾಡಿದವರು ಇದನ್ನು ಮೊದಲೇ ತುಂಬಿಡುವುದು ಒಳ್ಳೆಯದು.

ಕನ್ನಡ ಮಾತ್ರ ಮೂಡುವುದಿಲ್ಲ

ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯೊಂದರಿಂದ ಬಂದ ದೂರು ಇದು. ‘ಸರ್, ನೋಟ್‌ಪ್ಯಾಡ್‌ನಲ್ಲಿ ಕನ್ನಡ ಬರುತ್ತದೆ, ಬ್ರೌಸರ್‌ನಲ್ಲೂ ಬರುತ್ತದೆ. ಪುಟ ಕಟ್ಟುವ ಪ್ರೋಗ್ರಾಮಿನಲ್ಲಿ ಮಾತ್ರ ಇಂಗ್ಲಿಷೇ ಬೀಳುತ್ತದೆ’ ಎಂದರು ಅಂಗಡಿಯಾಕೆ. ಅಕ್ಷರಶೈಲಿ ಬದಲಿಸಿ ನೋಡಿದ್ದರು, ಟೈಪಿಂಗ್ ತಂತ್ರಾಂಶವನ್ನು ಮತ್ತೆ ಹಾಕಿಯೂ ಆಗಿತ್ತು. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ಅಡ್ವಾನ್ಸ್ಡ್’ ಗುಂಡಿ ಒತ್ತಿದಾಗ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಪಕ್ಕದಲ್ಲಿ ಟಿಕ್ ಕಂಡಿತು. ಪ್ರಿಂಟರ್ ಸರಿಮಾಡಲು ಬಂದಿದ್ದವರು ಹಾಕಿ ಹೋದದ್ದು. ಟಿಕ್ ತೆಗೆದು, ಪ್ರೋಗ್ರಾಮನ್ನು ಮುಚ್ಚಿ ತೆರೆದರೆ ಕನ್ನಡ ಮೂಡಿತು.

ಕಾರಣ ತಿಳಿದಿರುವುದು ಒಳ್ಳೆಯದು, ಏಕೆಂದರೆ ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ದೋಷ ವಿಶೇಷವಾಗಿ ಕಾಡುತ್ತದೆ. ನುಡಿ, ಬರಹದಂಥ ತಂತ್ರಾಂಶಗಳು ಹಿನ್ನೆಲೆಯಲ್ಲಿ ಕುಳಿತು ನೀವು ಒತ್ತುವ ಕೀಲಿಗಳನ್ನು ಹಿಡಿದು ಕನ್ನಡ ಅಕ್ಷರಗಳಾಗಿ ಮುಂದಕ್ಕೆ ಕಳಿಸುತ್ತವೆ. ವಿಂಡೋಸ್ ವಿಸ್ಟಾ ಆವೃತ್ತಿ ಬಂದ ಮೇಲೆ ವಿಂಡೋಸ್‌ನಲ್ಲಿ ಒಂದು ಕಟ್ಟಳೆ ಇದೆ: ಸಾಮಾನ್ಯ ಅಧಿಕಾರದಲ್ಲಿ ಓಡುವ ಪ್ರೋಗ್ರಾಂ, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ಇನ್ನೊಂದರ ಕೀಲಿಗಳಿಗೆ ಕೈಹಾಕುವಂತಿಲ್ಲ. ಕಳ್ಳ ತಂತ್ರಾಂಶಗಳನ್ನು ತಡೆಯಲು ಮಾಡಿದ ಈ ಕಟ್ಟಳೆ ಕನ್ನಡದ ಕೀಲಿಮಣೆಯನ್ನೂ ಬಾಗಿಲಾಚೆಯೇ ನಿಲ್ಲಿಸುತ್ತದೆ.

ಪರೀಕ್ಷೆ ಸುಲಭ. ವಿಂಡೋಸ್‌ನದೇ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡು, ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಅದಕ್ಕೆ ಬದಲಿಸಿ. ಪ್ರೋಗ್ರಾಂ ಯೂನಿಕೋಡ್ ಬಲ್ಲದಾಗಿದ್ದು, ಇದರಲ್ಲಿ ಕನ್ನಡ ಬಂದು ಹೊರಗಿನ ತಂತ್ರಾಂಶದಲ್ಲಿ ಬರದಿದ್ದರೆ ಅಧಿಕಾರದ ವ್ಯತ್ಯಾಸವೇ ಕಾರಣ. ಅಡ್ವಾನ್ಸ್ಡ್‌ನಲ್ಲಿ ಟಿಕ್ ಇಲ್ಲದಿದ್ದರೆ ‘ಕಂಪ್ಯಾಟಿಬಿಲಿಟಿ’ ಪುಟದಲ್ಲೂ ನೋಡಿ. ಮೂಲ ಇಎಕ್ಸ್‌ಇ ಫೈಲಿಗೇ ಅಲ್ಲಿ ಟಿಕ್ ಹಾಕಿದ್ದರೆ ಎಷ್ಟು ಶಾರ್ಟ್‌ಕಟ್ ಮಾಡಿದರೂ ಅದೇ ಹಾಡು. ಪ್ರೋಗ್ರಾಮಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ನಿಜಕ್ಕೂ ಬೇಕಿದ್ದರೆ ಟೈಪಿಂಗ್ ತಂತ್ರಾಂಶವನ್ನೂ ಅದೇ ಅಧಿಕಾರದಲ್ಲಿ ತೆರೆಯಬೇಕು. ಏನೇ ತೊಂದರೆ ಬಂದರೂ ‘ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ’ ಎಂದು ಸಲಹೆ ಕೊಡುವವರ ಮಾತನ್ನು ನಾನು ಬೇಗ ಒಪ್ಪುವುದಿಲ್ಲ. ಅದೇ ಟಿಕ್‌ನಿಂದ ಫೋಲ್ಡರ್‌ನಿಂದ ಫೈಲು ಎಳೆದು ಪ್ರೋಗ್ರಾಮಿನೊಳಗೆ ಬಿಡುವುದೂ ನಿಂತುಹೋಗುತ್ತದೆ.

ಸರ್ವರ್‌ನಲ್ಲಿರುವ ಪ್ರೋಗ್ರಾಂ

ಟಾರ್ಗೆಟ್ ಜ಼ೆಡ್ ಡ್ರೈವ್ ಎಂದೋ ವೈ ಡ್ರೈವ್ ಎಂದೋ ಆರಂಭವಾಗಿದ್ದರೆ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿಲ್ಲ, ಜಾಲದ ಇನ್ನೊಂದು ಕಂಪ್ಯೂಟರಿನಲ್ಲಿದೆ. ಬೆಳಿಗ್ಗೆ ಆ ಕಂಪ್ಯೂಟರ್ ಚಾಲೂ ಆಗುವ ಮೊದಲೇ ನಿಮ್ಮದು ಚಾಲೂ ಆದರೆ ಡ್ರೈವ್ ಜೋಡಣೆಯಾಗದೆ ಶಾರ್ಟ್‌ಕಟ್ ಬಿಳಿ ಹಾಳೆಯಂತೆ ಕಾಣುತ್ತದೆ. ಇಲ್ಲಿಯೂ ಅಡ್ಮಿನಿಸ್ಟ್ರೇಟರ್ ಟಿಕ್ ಕಾಟ ಕೊಡುತ್ತದೆ: ಸಾಮಾನ್ಯ ಅಧಿಕಾರದಲ್ಲಿ ಜೋಡಿಸಿದ ಜಾಲದ ಡ್ರೈವ್‌ಗಳು ಅಡ್ಮಿನಿಸ್ಟ್ರೇಟರ್ ಅಧಿಕಾರದ ಪ್ರೋಗ್ರಾಮಿಗೆ ಕಾಣುವುದಿಲ್ಲ. ‘ಈ ಪಿಸಿ’ಯಲ್ಲಿ ಡ್ರೈವ್ ಕಾಣುತ್ತಿದೆ, ಶಾರ್ಟ್‌ಕಟ್ ಮಾತ್ರ ಇಲ್ಲವೆನ್ನುತ್ತಿದೆ ಎಂಬ ವಿಚಿತ್ರಕ್ಕೆ ಇದೇ ವಿವರಣೆ. ಡ್ರೈವ್ ಅಕ್ಷರದ ಬದಲು ಎರಡು ಬ್ಯಾಕ್‌ಸ್ಲ್ಯಾಶ್, ಸರ್ವರ್ ಹೆಸರು, ಹಂಚಿಕೊಂಡ ಫೋಲ್ಡರ್‌ನ ಹೆಸರು ಹೀಗೆ ಪೂರ್ಣ ವಿಳಾಸ ಬರೆದರೆ ಬಹುತೇಕ ಬಗೆಹರಿಯುತ್ತದೆ.

ಸ್ಟೋರ್‌ನಿಂದ ಬಂದ ಆ್ಯಪ್

ಇವುಗಳ ಇಎಕ್ಸ್‌ಇ ಹುಡುಕುತ್ತ ‘ವಿಂಡೋಸ್‌ಆಪ್ಸ್’ ಫೋಲ್ಡರ್‌ಗೆ ಹೋಗಬೇಡಿ. ಅದು ಬೀಗ ಹಾಕಿದ ಫೋಲ್ಡರ್. ಅದರ ಅನುಮತಿಗಳನ್ನು ಬದಲಿಸಲು ಹೋಗಿ ಎಲ್ಲ ಆ್ಯಪ್‌ಗಳನ್ನೂ ಕೆಡಿಸಿಕೊಂಡವರಿದ್ದಾರೆ. ರನ್ ಪೆಟ್ಟಿಗೆಯಲ್ಲಿ ‘ಶೆಲ್:ಆಪ್ಸ್‌ಫೋಲ್ಡರ್’ ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಎಲ್ಲ ಪ್ರೋಗ್ರಾಮುಗಳೂ ಒಂದೇ ಕಿಟಕಿಯಲ್ಲಿ ಬರುತ್ತವೆ. ಬೇಕಾದದ್ದರ ಮೇಲೆ ಬಲಗುಂಡಿ ಒತ್ತಿ ‘ಕ್ರಿಯೇಟ್ ಶಾರ್ಟ್‌ಕಟ್’ ಆರಿಸಿದರೆ ಇಲ್ಲಿ ಮಾಡಲಾಗದು, ಡೆಸ್ಕ್‌ಟಾಪ್ ಮೇಲೆ ಇಡಲೇ ಎಂದು ಕೇಳುತ್ತದೆ. ಹೌದು ಎನ್ನಿ.

ಶಾರ್ಟ್‌ಕಟ್‌ಗಳೇ ಮಾಯ

ಒಂದೂ ಕಾಣದಿದ್ದರೆ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ‘ವ್ಯೂ’ನಲ್ಲಿ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಟಿಕ್ ಇದೆಯೇ ನೋಡಿ. ಕೆಲವು ಇವೆ, ಕೆಲವಿಲ್ಲ ಎಂದರೆ ನಿಮ್ಮ ಡೆಸ್ಕ್‌ಟಾಪ್ ಒಂದೇ ಫೋಲ್ಡರ್ ಅಲ್ಲ ಎಂಬುದನ್ನು ನೆನಪಿಸಿಕೊಳ್ಳಿ. ನಿಮ್ಮ ಹೆಸರಿನ ಫೋಲ್ಡರ್‌ನೊಳಗಿನ ಡೆಸ್ಕ್‌ಟಾಪ್ ಒಂದು, ಎಲ್ಲ ಬಳಕೆದಾರರಿಗೂ ಸೇರಿದ ‘ಪಬ್ಲಿಕ್’ ಡೆಸ್ಕ್‌ಟಾಪ್ ಇನ್ನೊಂದು. ಎರಡರಲ್ಲಿರುವುದೂ ಒಟ್ಟಿಗೆ ಪರದೆಯ ಮೇಲೆ ಕಾಣುತ್ತದೆ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಮಾಡಿದ್ದರೆ ನಿಮ್ಮ ಡೆಸ್ಕ್‌ಟಾಪ್ ಒನ್‌ಡ್ರೈವ್ ಫೋಲ್ಡರ್‌ನೊಳಗೆ ಹೋಗಿರುತ್ತದೆ, ಹಳೆಯ ಜಾಗದಲ್ಲಿ ಉಳಿದ ಶಾರ್ಟ್‌ಕಟ್‌ಗಳು ಅಲ್ಲೇ ಇರುತ್ತವೆ.

ವಿಂಡೋಸ್ ತಾನೇ ಅಳಿಸಿದ ಸಂದರ್ಭಗಳೂ ಉಂಟು. ವಿಂಡೋಸ್ 7ರಲ್ಲಿ ವಾರಕ್ಕೊಮ್ಮೆ ಓಡುವ ನಿರ್ವಹಣಾ ಕಾರ್ಯವೊಂದು ಡೆಸ್ಕ್‌ಟಾಪ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಮುರಿದ ಶಾರ್ಟ್‌ಕಟ್ ಕಂಡರೆ ಅವನ್ನೆಲ್ಲ ಗುಡಿಸಿಹಾಕುತ್ತಿತ್ತು. ಸರ್ವರ್ ಬಂದ್ ಇದ್ದ ಹೊತ್ತಿಗೆ ಅದು ಓಡಿದರೆ ಸರಿಯಿದ್ದವೂ ಹೋಗುತ್ತಿದ್ದವು. 2023ರ ಜನವರಿ 13ರಂದು ಮೈಕ್ರೋಸಾಫ್ಟ್ ಡಿಫೆಂಡರ್‌ನ ಒಂದು ಅಪ್‌ಡೇಟ್ ಹಲವು ಸಂಸ್ಥೆಗಳ ಕಂಪ್ಯೂಟರುಗಳಲ್ಲಿ ಶಾರ್ಟ್‌ಕಟ್‌ಗಳನ್ನು ಅಪಾಯಕಾರಿ ಎಂದು ತಪ್ಪಾಗಿ ತಿಳಿದು ಅಳಿಸಿತು. ಪ್ರೋಗ್ರಾಮುಗಳಿಗೆ ಏನೂ ಆಗಿರಲಿಲ್ಲ. ಶಾರ್ಟ್‌ಕಟ್‌ಗಳನ್ನು ಮತ್ತೆ ಮಾಡಿಕೊಡುವ ಸ್ಕ್ರಿಪ್ಟನ್ನು ಮೈಕ್ರೋಸಾಫ್ಟ್ ನಂತರ ಬಿಡುಗಡೆ ಮಾಡಿತು. ಐಕಾನ್ ಹೋದ ಮಾತ್ರಕ್ಕೆ ತಂತ್ರಾಂಶ ಹೋಯಿತೆಂದು ಗಾಬರಿಬಿದ್ದು ಮರುಸ್ಥಾಪನೆಗೆ ಇಳಿಯಬೇಕಿಲ್ಲ.

ಎಲ್ಲ ಶಾರ್ಟ್‌ಕಟ್‌ಗಳೂ ಒಂದೇ ಪ್ರೋಗ್ರಾಮಿನಲ್ಲಿ ತೆರೆದರೆ

ಯಾವುದನ್ನು ಒತ್ತಿದರೂ ನೋಟ್‌ಪ್ಯಾಡೇ ತೆರೆಯುತ್ತದೆ ಎಂದರೆ ಎಲ್‌ಎನ್‌ಕೆ ಫೈಲುಗಳನ್ನು ಯಾವುದರಿಂದ ತೆರೆಯಬೇಕೆಂಬ ನಂಟು ಕೆಟ್ಟಿದೆ. ಬೇರೆ ಬಳಕೆದಾರರ ಖಾತೆಯಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಸರಿಯಿದ್ದರೆ ರಿಜಿಸ್ಟ್ರಿ ಎಡಿಟರ್ ತೆರೆದು ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್ಟ್ಸ್ ಎಂಬ ದಾರಿಯಲ್ಲಿ ಎಲ್‌ಎನ್‌ಕೆ ತನಕ ಇಳಿಯಿರಿ. ಅದರೊಳಗೆ ‘ಯೂಸರ್‌ಚಾಯ್ಸ್’ ಇದ್ದರೆ ಮೊದಲು ಎಲ್‌ಎನ್‌ಕೆಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ‘ಯೂಸರ್‌ಚಾಯ್ಸ್’ ಒಂದನ್ನೇ ಅಳಿಸಿ, ಲಾಗ್‌ಆಫ್ ಆಗಿ ಬನ್ನಿ.

ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ

ಇದು ದೋಷವಲ್ಲ, ವೈರಸ್. ಜೆರಾಕ್ಸ್ ಅಂಗಡಿ, ಸೈಬರ್ ಕೇಂದ್ರಗಳಿಗೆ ಹೋಗಿಬಂದ ಪೆನ್‌ಡ್ರೈವ್‌ಗಳಲ್ಲಿ ಇದನ್ನು ಕಾಣದವರು ಕಡಿಮೆ. ನಿಜವಾದ ಫೋಲ್ಡರ್‌ಗಳನ್ನು ಮರೆಮಾಡಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಟ್ಟಿರುತ್ತದೆ. ಒಂದನ್ನೂ ಒತ್ತದೆ ಟಾರ್ಗೆಟ್ ಓದಿ: ಫೋಲ್ಡರ್‌ನ ವಿಳಾಸವಿರಬೇಕಾದ ಕಡೆ ಸಿಎಂಡಿ ಇಲ್ಲವೇ ಡಬ್ಲ್ಯುಸ್ಕ್ರಿಪ್ಟ್ ಎಂದಿದ್ದರೆ ಖಚಿತ. ಮೊದಲು ಕಂಪ್ಯೂಟರ್, ಪೆನ್‌ಡ್ರೈವ್ ಎರಡನ್ನೂ ಆ್ಯಂಟಿವೈರಸ್‌ನಿಂದ ಶೋಧಿಸಿ. ನಂತರ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಆಟ್ರಿಬ್ -ಎಚ್ -ಎಸ್ ಇ:\*.* /ಎಸ್ /ಡಿ’ ಎಂಬ ಆದೇಶ ಕೊಡಿ. ‘ಇ’ ಬದಲು ನಿಮ್ಮ ಪೆನ್‌ಡ್ರೈವ್‌ನ ಅಕ್ಷರವಿರಲಿ. ಮರೆಯಾದ ಫೋಲ್ಡರ್‌ಗಳು ಮೇಲೆ ಬರುತ್ತವೆ, ಆಮೇಲೆ ನಕಲಿ ಶಾರ್ಟ್‌ಕಟ್‌ಗಳನ್ನು ಅಳಿಸಿ. ಒತ್ತದಿದ್ದರೂ ಅಪಾಯವಾಗುತ್ತಿದ್ದ ಕಾಲವೂ ಇತ್ತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಳ್ಳ ತಂತ್ರಾಂಶ, ಶಾರ್ಟ್‌ಕಟ್‌ನ ಚಿತ್ರ ಪರದೆಯ ಮೇಲೆ ಮೂಡಿದರೇ ಸಾಕು ಎಂಬಂಥ ಲೋಪವನ್ನು ಬಳಸಿಕೊಂಡು ಪೆನ್‌ಡ್ರೈವ್‌ನಿಂದ ಹರಡುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಆ ಲೋಪ ಮುಚ್ಚಿತು.

ಹೊಸದಾಗಿ ಮಾಡುವಾಗ

ಕಾರಣ ತಿಳಿದ ಮೇಲೆ ಹೊಸದನ್ನು ಮಾಡುವುದಕ್ಕೆ ಅಡ್ಡಿಯಿಲ್ಲ. ಇಎಕ್ಸ್‌ಇ ಫೈಲನ್ನು ಮೌಸ್‌ನ ಬಲಗುಂಡಿ ಹಿಡಿದು ಡೆಸ್ಕ್‌ಟಾಪ್‌ಗೆ ಎಳೆದು ಬಿಟ್ಟು ‘ಕ್ರಿಯೇಟ್ ಶಾರ್ಟ್‌ಕಟ್ಸ್ ಹಿಯರ್’ ಆರಿಸುವುದು ನನ್ನ ಮೆಚ್ಚಿನ ವಿಧಾನ, ಟಾರ್ಗೆಟ್ ಮತ್ತು ಸ್ಟಾರ್ಟ್ ಇನ್ ಎರಡೂ ತಾವಾಗಿಯೇ ತುಂಬಿಕೊಳ್ಳುತ್ತವೆ. ‘ಸೆಂಡ್ ಟು’ ರೂಢಿಯಿದ್ದವರು ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಶಿಫ್ಟ್ ಹಿಡಿದು ಬಲಗುಂಡಿ ಒತ್ತಲಿ, ಹಳೆಯ ಮೆನು ಬರುತ್ತದೆ. ‘ಶಾರ್ಟ್‌ಕಟ್ ಕೀ’ಯಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಒಂದು ಅಕ್ಷರ ಕೊಟ್ಟುಕೊಂಡರೆ ಕೀಲಿಮಣೆಯಿಂದಲೇ ತೆರೆಯಬಹುದು, ಆದರೆ ಶಾರ್ಟ್‌ಕಟ್ ಡೆಸ್ಕ್‌ಟಾಪ್ ಮೇಲೋ ಸ್ಟಾರ್ಟ್ ಮೆನುವಿನಲ್ಲೋ ಇರುವ ತನಕ ಮಾತ್ರ. ಹಲವರು ಬಳಸುವ ಕಂಪ್ಯೂಟರ್ ಆದರೆ ಶಾರ್ಟ್‌ಕಟ್ ಅನ್ನು ಪಬ್ಲಿಕ್ ಡೆಸ್ಕ್‌ಟಾಪ್‌ನಲ್ಲಿಟ್ಟು, ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯೊಂದರಲ್ಲಿ ಲಾಗಿನ್ ಆಗಿ, ಅಲ್ಲಿಂದ ತೆರೆದು ಒಂದು ಸಾಲು ಕನ್ನಡ ಟೈಪ್ ಮಾಡಿ ನೋಡಿ.